ನೆಲದಿಂದ ಏಳುವ ವಿದ್ಯೆ

ಇತ್ತೀಚೆಗೆ ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಅವರ ಕುರ್ಚಿಯ ಎತ್ತರವನ್ನು. ಇದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ನನಗೂ ಗೊತ್ತು. ಆದರೆ ಏನು ಮಾಡಲಿ? ಅವರು ಬಾಗಿಲಲ್ಲಿ ನಿಂತು "ಬರ್ರಿ ಬರ್ರಿ, ಭಾಳ ದಿನಕ್ಕ ಬಂದ್ರಿ" ಎಂದು ನಗುತ್ತಿರುವಾಗಲೇ ನನ್ನ ಕಣ್ಣು ಅವರ ಹೆಗಲ ಮೇಲಿಂದ ಹಾಯ್ದು ಪಡಸಾಲೆಯನ್ನೆಲ್ಲ ಜಾಲಾಡಿ ಬಂದಿರುತ್ತದೆ. ಎರಡೂ ಕಡೆ ಕೈಯಿರುವ, ಗಟ್ಟಿ ಕಟ್ಟಿಗೆಯ ಕುರ್ಚಿ ಕಂಡರೆ ಆ ಮನೆಯವರು ಒಳ್ಳೆಯವರು. ಕೂತರೆ ಸೊಂಟದ ತನಕ ನುಂಗುವ ಮೆತ್ತನೆಯ ಸೋಫಾ ಕಂಡರೆ, "ಇಲ್ರಿ, ನಿಂತೇ ಮಾತಾಡ್ತೇನಿ, ಜರಾ ಅರ್ಜೆಂಟ್ ಅದ" ಎಂದುಬಿಡುತ್ತೇನೆ. ರಿಟೈರಾದ ಮೇಲೂ ಈ ಮನುಷ್ಯನಿಗೆ ಅದೆಂಥ ಗಡಿಬಿಡಿಯೋ ಎಂದು ನೌಬಾದದ ನಮ್ಮ ಓಣಿಯ ಜನ ಆಶ್ಚರ್ಯಪಡುತ್ತಾರೆ.

ನಾನು ಪಶುಪಾಲನೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು. ಔರಾದ ತಾಲೂಕಿನ ಎಕಂಬಾ ಸುತ್ತಮುತ್ತ ದನಗಳ ಮೈ ತಡವುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ಹಳ್ಳಿಯವರು "ಡಾಕ್ಟರ್ ಸಾಬ್" ಎನ್ನುತ್ತಿದ್ದರು. ನಾನು ಡಾಕ್ಟರನಲ್ಲ ಎಂದು ಮೊದಮೊದಲು ಹೇಳಿ ನೋಡಿದೆ, ಆಮೇಲೆ ಹೇಳುವುದನ್ನೇ ಬಿಟ್ಟೆ. ಕೇಳಲು ಚೆನ್ನಾಗಿಯೇ ಇತ್ತು. ಆಗೆಲ್ಲ ದಿನವಿಡೀ ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂಡುವುದು, ಏಳುವುದು, ಮತ್ತೆ ಕೂಡುವುದು. ಏಳುವುದು ಅಂತ ಒಂದು ಪ್ರತ್ಯೇಕ ಕೆಲಸವಿದೆ ಎಂದೇ ನನಗೆ ತಿಳಿದಿರಲಿಲ್ಲ. ಈಗ ನೋಡಿ, ಚಾಪೆಯಿಂದ ಏಳಬೇಕೆಂದರೆ ಮೊದಲೊಂದು ಸಭೆ ಸೇರಬೇಕು. ಯಾವ ಕೈ ಎಲ್ಲಿ ಊರುವುದು, ಯಾವ ಕಾಲು ಮುಂದೆ ಬರುವುದು, ಉಸಿರು ಬಿಗಿಹಿಡಿಯುವುದು ಯಾವಾಗ ಎಂದೆಲ್ಲ ಚರ್ಚೆಯಾಗಬೇಕು. ಎಡ ಮೊಣಕಾಲು ಒಪ್ಪಿದರೆ ಬಲ ಮೊಣಕಾಲು ತಕರಾರು ತೆಗೆಯುತ್ತದೆ.

ಬೀದರಿನ ಡಾಕ್ಟರೊಬ್ಬರು ನನ್ನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸವದಾವ್ರಿ. ಇನ್ನ ನೆಲಾ ಬಿಟ್ಟುಬಿಡ್ರಿ" ಎಂದರು. ತಂಬಾಕು ಬಿಡಿ ಎನ್ನುವ ಧಾಟಿಯಲ್ಲಿ ಹೇಳಿದರು. ನೆಲ ಬಿಟ್ಟು ಎಲ್ಲಿಗೆ ಹೋಗಬೇಕೆಂದು ಮಾತ್ರ ಹೇಳಲಿಲ್ಲ. ಮನೆಗೆ ಬಂದು ಯೋಚಿಸುತ್ತ ಕೂತೆ, ಮಂಚದ ಮೇಲೆಯೇ. ನಮ್ಮ ಬದುಕಿನಲ್ಲಿ ನೆಲದ ಮೇಲೆ ನಡೆಯದೇ ಇರುವುದು ಏನಿದೆ? ಊಟ ನೆಲದ ಮೇಲೆ, ಪೂಜೆ ನೆಲದ ಮೇಲೆ, ತೊಗರಿಬೇಳೆ ಹಸನು ಮಾಡುವುದು ನೆಲದ ಮೇಲೆ, ಹೆಣ್ಣು ನೋಡುವ ಶಾಸ್ತ್ರವೂ ಜಮಖಾನದ ಮೇಲೆ. ಇನ್ನು ಪ್ರತಿ ರವಿವಾರದ ಇಸ್ಪೀಟು! ನಾನು, ಖಾದರ್‌ಭಾಯಿ, ಕಾಂಬಳೆ, ಮೂವರೂ ರಿಟೈರಾದವರು, ಕಾಂಬಳೆಯವರ ಪಡಸಾಲೆಯಲ್ಲಿ ಕೂತು ಆಡುತ್ತಿದ್ದೆವು. ಈಗ ಮೇಜಿಗೆ ಬಡ್ತಿ ಸಿಕ್ಕಿದೆ. ಆದರೆ ಜಮಖಾನದ ಮೇಲೆ ಎಲೆ ಒಗೆದಾಗ ಬರುತ್ತಿದ್ದ ಗತ್ತು ಮೇಜಿನ ಮೇಲೆ ಬರುವುದಿಲ್ಲ. ಗೆದ್ದರೂ ಆಫೀಸಿನ ಫೈಲು ವಿಲೇವಾರಿ ಮಾಡಿದಂತೆಯೇ ಅನ್ನಿಸುತ್ತದೆ.

ಒಂದು ರವಿವಾರ ಖಾದರ್‌ಭಾಯಿ, ಮಸೀದಿಯಲ್ಲಿ ತಾನೀಗ ಕುರ್ಚಿಯ ಮೇಲೆ ಕೂತೇ ನಮಾಜು ಮಾಡುವುದಾಗಿ ಹೇಳಿದರು. ನಮ್ಮ ಭಜನೆಯಲ್ಲೂ ಹಿಂದಿನ ಸಾಲಿಗೆ ಕುರ್ಚಿ ಹಾಕಿದ್ದಾರೆ ಎಂದು ನಾನು ಹೇಳಿದೆ. ಕಾಂಬಳೆಯವರ ಬುದ್ಧವಿಹಾರದಲ್ಲೂ ಅದೇ ಕಥೆ. "ಅಂದ್ರ ದೇವರು ಮೂರೂ ಮಂದಿಗೆ ಕುರ್ಚಿ ಕೊಟ್ಟಾನ" ಎಂದೆ. ಕಾಂಬಳೆ ಎಲೆಯಿಂದ ಕಣ್ಣೆತ್ತದೆ, "ನಮ್ಮ ಕಡಿ ದೇವರ ಸಂಬಂಧ ಇಲ್ರಿ, ಬರೀ ಮೊಣಕಾಲಿನ ಸಂಬಂಧ" ಎಂದರು. ಆವತ್ತು ಆಟಕ್ಕಿಂತ ನಗುವೇ ಹೆಚ್ಚಾಯಿತು.

ವಯಸ್ಸಾದವರ ಸೌಜನ್ಯದ ಬಗ್ಗೆಯೂ ನನಗೆ ಈಚೆಗೆ ಗುಮಾನಿ ಹುಟ್ಟಿದೆ. ಬಸ್ ನಿಲ್ದಾಣದಲ್ಲಿ "ಮೊದಲ ನೀವು ಹತ್ರಿ, ನೀವು ಹತ್ರಿ" ಎಂದು ಎಲ್ಲರಿಗೂ ದಾರಿ ಬಿಡುತ್ತೇನಲ್ಲ, ಅದು ದೊಡ್ಡ ಗುಣವಲ್ಲ. ಆ ಎತ್ತರದ ಮೆಟ್ಟಿಲನ್ನು ನಾನು ಹತ್ತುವ ಪರಿಯನ್ನು ಯಾರೂ ಹಿಂದಿನಿಂದ ನೋಡಬಾರದು, ಅಷ್ಟೇ. ನೋವಿಗಿಂತ, ಆ ನೋವು ಬೇರೆಯವರಿಗೆ ಕಾಣುತ್ತದೆ ಎಂಬುದೇ ದೊಡ್ಡ ತೊಂದರೆ. ಯಾಕೆ ಹೀಗೆ? ತಲೆ ಬೆಳ್ಳಗಾದದ್ದನ್ನು ಊರೆಲ್ಲ ತೋರಿಸಿಕೊಂಡು ತಿರುಗುತ್ತೇವೆ, ಮೊಣಕಾಲನ್ನು ಮಾತ್ರ ಗುಟ್ಟಾಗಿ ಇಡುತ್ತೇವೆ. ನನಗಿದು ಇನ್ನೂ ಪೂರ್ತಿ ತಿಳಿದಿಲ್ಲ. ಆದರೆ ಇದರ ಒಂದು ಎಳೆ ಕಳೆದ ಎಳ್ಳ ಅಮಾವಾಸ್ಯೆಯ ದಿನ ಅಕ್ಕನ ಹೊಲದಲ್ಲಿ ನನ್ನ ಕೈಗೆ ಸಿಕ್ಕಿತು.

ನಮ್ಮ ಕಡೆ ಎಳ್ಳ ಅಮಾವಾಸ್ಯೆ ಎಂದರೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ ಪೂಜೆ ಮಾಡಿ, ಬೆಳೆಗೆಲ್ಲ ಚರಗವೆಂದು ಎಡೆಯ ತುತ್ತು ಚೆಲ್ಲಿ, ನೆಲದ ಮೇಲೆ ಸುತ್ತಲೂ ಕೂತು ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಹೊಡೆಯುವುದು. ಈ ಭಜ್ಜಿ ಎಣ್ಣೆಯಲ್ಲಿ ಕರಿಯುವಂಥದ್ದಲ್ಲ. ಸಿಕ್ಕ ಕಾಳು, ಸೊಪ್ಪು, ಕಾಯಿಪಲ್ಲೆ ಎಲ್ಲ ಹಾಕಿ ಕುದಿಸುವಂಥದ್ದು, ತಿಂದವರಿಗೇ ಗೊತ್ತು. ಅಕ್ಕನ ಮನೆ ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯಲ್ಲಿ. ಅವಳು ನನಗಿಂತ ಐದಾರು ವರ್ಷ ದೊಡ್ಡವಳು. ಮಗ ಶಿವರಾಜ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದಾಳೆ. ಎಲ್ಲರೂ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಎಷ್ಟು ಚೆನ್ನಾಗಿ ಎಂದರೆ, ಆಯುಷ್ಯವೆಲ್ಲ ಕಳೆ ಕಿತ್ತು ರಾಶಿ ಮಾಡಿದ ಹೊಲಕ್ಕೆ ಅವಳನ್ನು ಹೋಗಗೊಡುವುದಿಲ್ಲ. ವರ್ಷಕ್ಕೆ ಈ ಒಂದು ದಿನ ಮಾತ್ರ ಕರೆದೊಯ್ಯುತ್ತಾರೆ.

ಶಿವರಾಜ ಸೋದರಮಾವನಿಗೆಂದು ಪ್ರೀತಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದಿದ್ದ. ಫೋನಿನಲ್ಲಿ ಕೇಳಿಕೊಂಡವನು ನಾನೇ. ಎಲ್ಲರೂ ನೆಲಕ್ಕೆ ಕೂತರು, ನಾನೊಬ್ಬ ಮೇಲೆ. ಕುರ್ಚಿಯಿಂದ ಹೊಲ ಚೆನ್ನಾಗಿ ಕಾಣುತ್ತದೆ, ಆದರೆ ಮಾತು ಕಾಣುವುದಿಲ್ಲ. ಅವರ ನಗೆಯೆಲ್ಲ ನನ್ನ ಮೊಣಕಾಲಿನ ಮಟ್ಟದಲ್ಲೇ ಓಡಾಡುತ್ತಿತ್ತು. ಯಾರ ನೆತ್ತಿ ಎಷ್ಟು ಬೋಳಾಗಿದೆ ಎಂಬುದೊಂದೇ ನನಗೆ ಸಿಕ್ಕ ಲಾಭ.

ಊಟಕ್ಕೆ ಬಡಿಸುವಾಗ ಶಿವರಾಜ ಎಲ್ಲರೆದುರು ಹೇಳಿದ: "ಮಾಮಾ, ಮುಂದಿನ ವರ್ಷದಿಂದ ಊಟ ಮನ್ಯಾಗೇ ಇಡಮು ಅಂತೀನಿ. ನಾ ಒಬ್ಬನೇ ಬಂದು ಪೂಜಾ ಮಾಡಿ, ಚರಗ ಚೆಲ್ಲಿ ಹೋಗ್ತೇನಿ. ನಿಮಗೂ ಕೂಡ್ಲಕ ಆಗಲ್ಲ, ಅವ್ವಗೂ ವಯಸ್ಸಾಯ್ತು. ಸುಮ್ನ ಯಾಕ ಹೈರಾಣ?"

"ನನ್ನ ವಯಸ್ಸಿನ ಫಿಕರ್ ನಿನಗ್ಯಾಕೋ? ನಾ ಕೂತಿಲ್ಲೇನು ಇಲ್ಲಿ?" ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಗದರಿದಳು: "ಎಲ್ಲಾ ನಿನ್ನಿಂದ. ನಿನ್ನ ಕುರ್ಚಿ ನೋಡೇ ಇದು ಅವನ ತಲ್ಯಾಗ ಹೊಕ್ಕದ. ವರ್ಷಕ್ಕ ಒಂದ ದಿನ ನನಗ ಹೊಲ ತೋರಸ್ತಾರ. ಅದೂ ಹೋದ್ರ ನಾ ಗ್ವಾಡಿ ನೋಡಕೋತ ಕೂಡಬೇಕೇನು?"

ನನಗೆ ನಿಜವಾಗಿಯೂ ಕೆಟ್ಟದೆನಿಸಿತು. ಏನಾದರೂ ಹೇಳಿ ಸಮಾಧಾನ ಮಾಡೋಣವೆಂದು, ಇನ್ನಷ್ಟು ಭಜ್ಜಿ ಬೇಡುವ ನೆಪದಲ್ಲಿ ತಟ್ಟೆ ಹಿಡಿದು ಅವಳ ಕಡೆ ಬಾಗಿದೆ. ಎರೆಮಣ್ಣು ಚಳಿಗಾಲಕ್ಕೆ ಬಿರುಕು ಬಿಡುತ್ತದೆ. ಕೈ ಹೋಗುವಷ್ಟು ಅಗಲದ ಬಿರುಕುಗಳಿರುತ್ತವೆ. ಕುರ್ಚಿಯ ಒಂದು ಕಾಲು ಅಂಥದೊಂದರೊಳಗೆ ಇಳಿಯಿತು. ಬಿದ್ದೆ ಎಂದು ಹೇಳಲಾರೆ. ಅಷ್ಟು ಜೋರಿನಲ್ಲಿ ಏನೂ ಆಗಲಿಲ್ಲ. ಕುರ್ಚಿ ಓರೆಯಾಯಿತು, ಅದರ ಜೊತೆ ನಾನೂ ಓರೆಯಾದೆ, ನೋಡುನೋಡುತ್ತ ಅಕ್ಕನ ಮಗ್ಗುಲಲ್ಲಿ ನೆಲದ ಮೇಲೆ ಕೂತಿದ್ದೆ. ತಟ್ಟೆ ಕೈಯಲ್ಲೇ ಇತ್ತು, ಒಂದು ತೊಟ್ಟು ಭಜ್ಜಿ ಚೆಲ್ಲಿರಲಿಲ್ಲ. ನಮ್ಮ ಮನೆತನದಲ್ಲಿ ನನ್ನ ಬಗ್ಗೆ ಇನ್ನು ಮುಂದೆ ಹೇಳುವ ಕಥೆ ಇದೊಂದೇ ಇರುತ್ತದೆ.

ಎಲ್ಲರೂ ಚೀರಿ ಎದ್ದು ಬಂದರು. ಎಲ್ಲೂ ನೋವಿಲ್ಲ, ಏಳಿಸಬೇಡಿ, ಉಂಡು ಏಳುತ್ತೇನೆ ಎಂದೆ. ಆಹಾ, ಬಿಸಿಲಿಗೆ ಬೆಚ್ಚಗಾದ ಆ ಮಣ್ಣು! ಎಷ್ಟು ವರ್ಷವಾಗಿತ್ತು ಕೂತು! ಅಕ್ಕ ತನ್ನ ತಟ್ಟೆಯ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದಳು. ಕುರ್ಚಿಯಲ್ಲಿದ್ದಾಗ ಅವಳ ಕೈ ನನ್ನ ತಟ್ಟೆಗೆ ಎಟುಕುತ್ತಿರಲಿಲ್ಲ. ಆದರೆ ಶಿವರಾಜನ ತೀರ್ಮಾನ ಮಾತ್ರ ಇನ್ನಷ್ಟು ಗಟ್ಟಿಯಾಯಿತು. "ನೋಡಿದ್ರಿಲ್ಲ ಮಾಮಾ? ಇದಕ್ಕೇ ಅಂದೆ. ಇನ್ನ ಮುಂದ ಮನ್ಯಾಗೇ, ಮುಗೀತು" ಎಂದ. ಅಕ್ಕ ಸೆರಗು ಮುಂದಕ್ಕೆಳೆದುಕೊಂಡಳು. ಅವಳ ಕಣ್ಣು ತುಂಬಿತ್ತು.

ಊಟ ಮುಗಿದು ಎಲ್ಲರೂ ಕೈತೊಳೆದು ಕಡಲೆ ಗಿಡ ಕೀಳಲು ಹೋದರು. ಕೊಂಪೆಯ ಹತ್ತಿರ ನಾವಿಬ್ಬರೇ ಉಳಿದೆವು. ಈಚೆಗೆ ಪ್ರತಿ ವರ್ಷ ಹೀಗೇ, ಎಲ್ಲರೂ ಎದ್ದ ಮೇಲೂ ಅಕ್ಕ ಒಬ್ಬಳೇ ಕೂತಿರುತ್ತಾಳೆ. ಹೊಲದ ಮೇಲೆ ಎಷ್ಟು ಜೀವ ಇವಳಿಗೆ ಎಂದು ನಾವೆಲ್ಲ ಮೆಚ್ಚಿಕೊಳ್ಳುತ್ತೇವೆ.

"ಏಳಕ್ಕಾ" ಎಂದೆ.

"ನೀ ಮೊದಲ ಏಳು."

"ನೀ ದೊಡ್ಡಾಕಿ, ನೀ ಮೊದಲ."

ಅವಳು ಅತ್ತ ಇತ್ತ ನೋಡಿದಳು. ಯಾರೂ ಇರಲಿಲ್ಲ. "ಆಗಲ್ಲೋ ತಮ್ಮಾ" ಎಂದಳು. "ಎರಡು ಮೂರು ವರ್ಷಾತು. ಎಲ್ಲಾರು ಆ ಕಡಿ ಹೋದ ಮ್ಯಾಲ ಕೊಂಪಿ ತನಕ ತೆವಳಕೋತ ಹೋಗಿ, ಕೋಲು ಹಿಡಿದು ಏಳ್ತೇನಿ. ಹೋದ ವರ್ಷ ಆ ಕೋಲೇ ಕಿತ್ತು ಕೈಯಾಗ ಬಂತು. ಶಿವ್ಯಾಗ ಹೇಳಬ್ಯಾಡ, ನನ್ನ ಆಣಿ ಅದ."

ನನಗೆ ಒಮ್ಮೆಲೇ ನಗುವೂ ಬಂತು, ಅಳುವೂ ಬಂತು. ಬಸ್ಸಿನ ಬಾಗಿಲಲ್ಲಿ ನಾನು ಮಾಡುವುದನ್ನೇ ಇವಳು ಹೊಲದಲ್ಲಿ ಮಾಡುತ್ತಿದ್ದಳು. ಒಂದೇ ತಾಯಿಯ ಮಕ್ಕಳು, ಮೊಣಕಾಲೂ ಒಂದೇ, ಕಳ್ಳತನವೂ ಒಂದೇ.

ಆಗ ನನ್ನೊಳಗಿನ ಹಳೆಯ ಡಾಕ್ಟರ್ ಸಾಬ ಎದ್ದು ಕೂತ. ಕುದುರೆ ಏಳುವಾಗ ಮುಂಗಾಲು ಮೊದಲು ಊರುತ್ತದೆ; ದನ ಹಿಂದಿನ ಭಾಗ ಮೊದಲು ಎತ್ತುತ್ತದೆ, ಮುಂದೆ ಮೊಣಕಾಲಿನ ಮೇಲೆ ಒಂದು ಗಳಿಗೆ ತಡೆದು, ಆಮೇಲೆ ನಿಲ್ಲುತ್ತದೆ. ಅವಸರವೇ ಇಲ್ಲ ಅದಕ್ಕೆ. ನಮ್ಮ ದೇವಣಿ ತಳಿಯ ಆಕಳು ಏಳುವುದನ್ನು ನೋಡುತ್ತ ನಿಲ್ಲಬೇಕು, ಅಷ್ಟು ಚೆಂದ. ನಾವು ಮನುಷ್ಯರು ಹರೆಯದಲ್ಲಿ ಸ್ಪ್ರಿಂಗಿನ ಹಾಗೆ ನೆಟ್ಟಗೆ ಚಿಮ್ಮುತ್ತೇವೆ, ಎಪ್ಪತ್ತರಲ್ಲೂ ಹಾಗೇ ಚಿಮ್ಮಲು ಹೋಗಿ ಹೈರಾಣಾಗುತ್ತೇವೆ. ಕೆಟ್ಟದ್ದು ಮೊಣಕಾಲಷ್ಟೇ ಅಲ್ಲ, ಏಳುವ ರೀತಿಯೂ ಹಳೆಯದಾಗಿದೆ. ನೆಲಕ್ಕೆ ಬಿದ್ದ ದನವನ್ನು ಹಗ್ಗ ಹಾಕಿ ಎತ್ತಲು ಜನ ಓಡಿ ಬರುತ್ತಿದ್ದರು. ತಡೀರಿ, ಮೊದಲು ಬೋರಲು ಮಾಡಿ ಸರಿಯಾಗಿ ಕೂಡಿಸಿ, ತಾನೇ ಏಳಲು ಬಿಡಿ ಎನ್ನುತ್ತಿದ್ದೆ ನಾನು.

ಇದನ್ನೆಲ್ಲ ಅಕ್ಕನಿಗೆ ವಿವರಿಸಿದೆ. "ನನಗ ದನಾ ಮಾಡಿದೇನು?" ಎಂದು ನನ್ನ ಬೆನ್ನಿಗೊಂದು ಗುದ್ದಿದಳು. ಆದರೂ ಬೋರಲಾಗಿ ಮೊಣಕಾಲೂರಿದಳು, ಕೆಳಗೆ ಗೋಣಿತಟ್ಟು ಮಡಚಿ ಹಾಕಿದ್ದೆ. ಆಮೇಲೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ? ಪಕ್ಕದಲ್ಲೇ ನನ್ನ ಕುರ್ಚಿ ಮಗುಚಿಕೊಂಡು ಬಿದ್ದಿತ್ತು. ಬಿರುಕಿಲ್ಲದ ಜಾಗ ತಡವಿ ನೋಡಿ ನಿಲ್ಲಿಸಿದೆ. ಅವಳೊಬ್ಬಳೇ ಒತ್ತಿದರೆ ಕುರ್ಚಿ ಮಗುಚುತ್ತಿತ್ತು; ನಾನು ಆಚೆ ಮಗ್ಗುಲಿಗೆ ಮೊಣಕಾಲೂರಿ ಕುರ್ಚಿಯ ಇನ್ನೊಂದು ಕೈ ಹಿಡಿದು ಒತ್ತಿದೆ. ಅವಳ ಭಾರಕ್ಕೆ ನನ್ನ ಭಾರ ಬರಾಬರ್ ಆಯಿತು. ಒಂದು ಕಾಲು ಮುಂದೆ, ಆಮೇಲೆ ಸೊಂಟ, ಆಮೇಲೆ ಉಳಿದದ್ದು. ನಡುವೆ "ಶಿವನೇ", "ಯವ್ವಾ" ಎಂದು ನರಳಿದ್ದಾಯಿತು. ಕಣ್ಣುಬಿಟ್ಟು ನೋಡಿದರೆ ಇಬ್ಬರೂ ನಿಂತಿದ್ದೆವು.

ಅಷ್ಟರಲ್ಲಿ ಶಿವರಾಜ ಕಡಲೆ ಗಿಡದ ಹೊರೆಯೊಂದಿಗೆ ಬಂದ. ಹಿಂದೆ ಸೊಸೆ, ಮಕ್ಕಳು. "ಯವ್ವಾ, ಯಾರು ಎಬ್ಬಿಸಿದ್ರು ನಿಮಗ?" ಎಂದ.

ಹೇಗೋ ಎದ್ದೆವು ಎಂದು ಹೇಳಿ ಮುಗಿಸುವುದೇ ಜಾಣತನವಾಗಿತ್ತು. ನಾನು ಅದನ್ನೇ ಹೇಳಲು ಬಾಯಿ ತೆರೆದೆ. ಅಕ್ಕ ನನ್ನನ್ನು ತಡೆದು, "ನೋಡ್ತೀಯೇನು? ನಿಂತು ನೋಡು" ಎಂದವಳೇ ಎಲ್ಲರ ಕಣ್ಣೆದುರು ಮತ್ತೆ ನೆಲಕ್ಕೆ ಕೂತುಬಿಟ್ಟಳು! ಒಮ್ಮೆ ಆದದ್ದು ಎರಡನೇ ಸಲ ಆಗದಿದ್ದರೆ, ಹೊಲ ಅವಳ ಪಾಲಿಗೆ ಆವತ್ತಿಗೇ ಮುಗಿಯುತ್ತಿತ್ತು. ಅವಳೊಬ್ಬಳಿಂದ ಕುರ್ಚಿ ನಿಲ್ಲುವುದಿಲ್ಲವಲ್ಲ, ನಾನೂ ಕೂತೆ. ಶಿವರಾಜ ಹೊರೆ ಒಗೆದು ಕೈಚಾಚಿ ಓಡಿ ಬಂದ. "ಮುಟ್ಟಬ್ಯಾಡ, ದೂರ ನಿಲ್ಲು" ಎಂದು ಗದರಿದಳು. ಬೋರಲಾದಳು, ಮೊಣಕಾಲೂರಿದಳು, ಕುರ್ಚಿಯ ಕೈ ಹಿಡಿದಳು. ಈ ಸಲ ಅವಳು ಏನನ್ನೂ ಮುಚ್ಚಿಡಲಿಲ್ಲ. ಮೋರೆ ಕಿವುಚಿದಳು, ಜೋರಾಗಿ ನರಳಿದಳು, ಸೆರಗು ಜಾರಿದರೂ ಬಿಟ್ಟಳು. ಸ್ವಲ್ಪ ತಡವಾಯಿತು. ಆದರೆ ಎದ್ದಳು. ಅವಳ ಜೊತೆ ನಾನೂ ಎದ್ದೆ.

ಶಿವರಾಜ ತಲೆ ಕೆರೆದುಕೊಂಡು ಹೊಲ ನೋಡಿದ, ಅವ್ವನನ್ನು ನೋಡಿದ. "ಆಯ್ತವ್ವಾ, ಇಲ್ಲೇ ಉಣಮು" ಎಂದ. "ಮುಂದಿನ ವರ್ಷ ಎರಡು ಕುರ್ಚಿ ತರ್ತೇನಿ."

ಅಕ್ಕ ಸೆರಗು ಸರಿಮಾಡಿಕೊಂಡು ನನ್ನ ಕಡೆ ಕಣ್ಣು ಹಾಯಿಸಿದಳು.

"ಒಂದೇ ಸಾಕು" ಎಂದಳು. "ಎರಡು ತಂದ್ರ ಇವ ಒಂದರ ಮ್ಯಾಲ ಕೂತುಬಿಡ್ತಾನ."