ಓನರ್ ಅಂಕಲ್ ಕಟ್ಟಿದ ಗಾಡಿಮನೆ

ಹೋದ ವಾರ ಸ್ಕೂಟರ್ ಸೀಟಿಗೆ ಕವರ್ ಹಾಕಿಸಲು ನಾಯಂಡಹಳ್ಳಿಯ ಅಂಗಡಿಯೊಂದರಲ್ಲಿ ನಿಂತಿದ್ದೆ. ಹೊಸ ರೆಕ್ಸಿನ್ನು, ಅದಕ್ಕೆ ಹಚ್ಚುವ ಅಂಟು, ಪಕ್ಕದ ಶೆಡ್ಡಿನ ಪೇಂಟು, ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ನಮ್ಮ ಓನರ್ ಅಂಕಲ್ ನೆನಪಾದರು... ಇಷ್ಟು ವರ್ಷ ಮನಸ್ಸಿನ ಯಾವ ಮೂಲೆಯಲ್ಲಿದ್ದರೋ.

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷ. ಅತ್ತಿಗುಪ್ಪೆಗೆ ಮೆಟ್ರೋ ಬಂದಿರಲಿಲ್ಲ. ಅಲ್ಲಿ ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಕೆಳಗೆ ಅಂಕಲ್, ಆಂಟಿ ಇಬ್ಬರೇ. ಅಂಕಲ್ ಬಸ್ಸುಗಳಿಗೆ ಬಾಡಿ ಕಟ್ಟುವವರು. ಹಳೆಯ ಮಿನಿಬಸ್ಸೊಂದರ ಸೀಟುಗಳನ್ನು ಕಿತ್ತುಹಾಕಿ ಮಂಚ, ಗ್ಯಾಸ್ ಒಲೆ, ಸಿಂಕು, ಹಿಂದೆ ಪುಟ್ಟ ಬಚ್ಚಲು ಎಲ್ಲ ಕೂರಿಸಿದ್ದರು. ಒಂದು ದಿನ ಮೇಲೆ ಬಂದು, "ಮಲ್ಪೆಗೆ ಹೋಗ್ಬರೋಣ, ನೀವೆಲ್ಲಾ ಬನ್ನಿ. ಖರ್ಚು ನಂದು" ಅಂದರು. ನಮ್ಮ ಮನೆಯವರೆಲ್ಲಾ ಒಟ್ಟಿಗೆ ಮೈಸೂರಿನಿಂದಾಚೆ ಹೋದದ್ದೇ ಇರಲಿಲ್ಲ.

ಅಮ್ಮನಿಗೆ ಅಲ್ಲೇ ಅನುಮಾನ ಶುರುವಾಯಿತು. ನಲ್ಲಿಗೆ ವಾಷರ್ ಹಾಕಿಸಲು ತಿಂಗಳುಗಟ್ಟಲೆ ಸತಾಯಿಸುವ ಮನುಷ್ಯ ಪುಕ್ಕಟೆ ಕಡಲು ತೋರಿಸುತ್ತಾರೆಯೇ? "ಮನೆ ಖಾಲಿ ಮಾಡ್ಸೋಕೇ ಈ ಬೆಣ್ಣೆ. ನೋಡ್ತಾ ಇರಿ" ಅಂದಳು. ಅಪ್ಪ ನಕ್ಕರು. ಆದರೆ ಅಷ್ಟು ಕಡಿಮೆ ಬಾಡಿಗೆಗೆ ಆ ಕಡೆ ಇನ್ನೊಂದು ಮನೆ ಸಿಗುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಹೊರಡುವಾಗ ಅಮ್ಮ ನಮ್ಮ ಬಾಗಿಲಿಗೆ ಇನ್ನೊಂದು ಬೀಗ ಜಡಿದಳು.

ನೆಲಮಂಗಲ ದಾಟುವ ಹೊತ್ತಿಗೆ ಅವಳ ತಪಾಸಣೆ ಮುಗಿದಿತ್ತು. ಉಪ್ಪಿನಕಾಯಿ ಭರಣಿ, ಕಂಬಳಿಗಳು, ಆಂಟಿಯ ಹೊಲಿಗೆ ಮಿಷನ್ನು... ನಾಲ್ಕು ದಿನಕ್ಕೆ ಹೊಲಿಗೆ ಮಿಷನ್ ಯಾಕೆ? ಹಾಸನದಲ್ಲಿ ಕಾಫಿಗೆ ಇಳಿದಾಗ ನನ್ನ ರಟ್ಟೆ ಹಿಡಿದು ಪಕ್ಕಕ್ಕೆಳೆದಳು. "ಆ ಪರದೆ ಹಿಂದೆ ನೋಡಿದ್ಯೇನೋ? ಮನೆದೇವ್ರು, ದೀಪ, ಎಲ್ಲಾ ಇದೆ. ಟ್ರಿಪ್ಪಿಗೆ ಹೋಗೋರು ದೇವ್ರನ್ನ ಎತ್ಕೊಂಡ್ ಬರ್ತಾರಾ? ಮನೆ ಬಿಡೋವಾಗ ತಾನೇ ದೇವ್ರನ್ನ ಎತ್ತೋದು?"

ಅವಳ ಅನುಮಾನ ನನಗೂ ಅಂಟಿತು. ನಮ್ಮನ್ನು ಎಲ್ಲೋ ಬಿಟ್ಟು ಇವರು ಪರಾರಿಯಾಗುತ್ತಾರೆಯೇ ಎಂದೆಲ್ಲಾ ಯೋಚಿಸಿದೆ. ಘಾಟಿ ಇಳಿಯುವಾಗ ಅಂಕಲ್ ಕನ್ನಡಿಯಲ್ಲಿ ಪದೇ ಪದೇ ಅಮ್ಮನ ಮುಖ ನೋಡುತ್ತಿದ್ದರು. ಅದೂ ನನಗೆ ಸರಿ ಕಾಣಲಿಲ್ಲ.

ಮಲ್ಪೆಯಲ್ಲಿ ಸಂಜೆ ಅಪ್ಪ, ಆಂಟಿ ನೀರಿನ ಕಡೆ ಹೋಗಿದ್ದರು. ಗಾಡಿಯೊಳಗೆ ನಾವು ಮೂವರೇ. ಅಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಬಾಯ್ಬಿಟ್ಟು ಹೇಳ್ಬಿಡಿ ಸಾರ್. ನಾವು ಮನೆ ಖಾಲಿ ಮಾಡ್ಬೇಕಾ?"

"ಹೌದಮ್ಮ" ಅಂದರು ಅಂಕಲ್. "ಅಣ್ಣತಮ್ಮಂದ್ರು ಪಾಲು ಕೇಳಿದ್ರು. ಮನೆ ಮಾರಿಯಾಯ್ತು. ನೀವೂ ಬಿಡ್ಬೇಕು, ನಾವೂ ಬಿಡ್ಬೇಕು. ಇನ್ಮೇಲೆ ನಮ್ಗೆ ಈ ಗಾಡೀನೇ ಮನೆ." ಪಕ್ಕದ ತಗಡನ್ನು ಕೈಯಿಂದ ತಟ್ಟಿ ಕೇಳಿದರು: "ಇದ್ರಲ್ಲಿ ಸಂಸಾರ ಮಾಡೋಕಾಗತ್ತಾ? ನೀವೇ ಹೇಳಿ. ನಮ್ಮವಳು ನನಗೆ ಬೇಜಾರಾಗತ್ತೆ ಅಂತ ಎಲ್ಲಾ ಚೆನ್ನಾಗಿದೆ ಅಂತಾಳೆ. ನೀವು ಹುಳುಕು ಹುಡುಕ್ದೆ ಬಿಡೋರಲ್ಲ. ಅದಕ್ಕೇ ಕರ್ಕೊಂಡ್ ಬಂದೆ."

ಹುಳುಕುಗಳಿಗೇನು ಬರವಿರಲಿಲ್ಲ. ಬಚ್ಚಲಿನ ವಾಸನೆ ನೇರ ಒಲೆಗೆ ಬರುತ್ತದೆ, ಮಧ್ಯಾಹ್ನ ತಗಡು ಕಾದರೆ ಒಳಗೆ ಕೂರಲಾಗದು, ಆಂಟಿಯ ಮಂಡಿನೋವಿಗೆ ಮೆಟ್ಟಿಲು ಎತ್ತರ... ದಾರಿಯುದ್ದಕ್ಕೂ ಅಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದು ಇದನ್ನೇ. ಈಗ ದೇವರಿದ್ದ ಪರದೆಯ ಕಡೆ ಒಮ್ಮೆ ನೋಡಿದಳು.

"ಒಂದೂ ತಪ್ಪಿಲ್ಲ ಸಾರ್. ಆರಾಮಾಗಿ ಇರ್ಬೋದು" ಅಂದಳು.

ಅಂಕಲ್ ನಗಲು ನೋಡಿದರು. "ನೀವೇ ಒಂದೂ ಹುಳುಕಿಲ್ಲ ಅಂದ್ಬಿಟ್ರೆ..." ಅಂದವರು ಮಾತು ಮುಗಿಸದೆ ಕೆಳಗಿಳಿದು, ಟೈರು ನೋಡುವ ನೆಪದಲ್ಲಿ ಗಾಡಿಯ ಆಚೆ ಬದಿಗೆ ಹೋದರು. ಅವರನ್ನು ಆಗ ನೋಡಲು ನನ್ನಿಂದಾಗಲಿಲ್ಲ.

ಊರಿಗೆ ಬಂದ ಸ್ವಲ್ಪ ದಿನಕ್ಕೇ ಗಾಡಿಯನ್ನು ಯಾರಿಗೋ ಮಾರಿ, ಕೆಂಗೇರಿಯಾಚೆ ಒಂದು ರೂಮಿಗೆ ಅವರೇ ಬಾಡಿಗೆಗೆ ಹೋದರು. ನಾವು ನಾಗರಬಾವಿಗೆ ಬಂದೆವು. ಒಂದೆರಡು ಸಲ ಬಂದು ಹೋದರು, ಆಮೇಲೆ ಅದೂ ನಿಂತಿತು... ಅಂಕಲ್ ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದೂ ತುಂಬಾ ತಡವಾಗಿ. ಹೋಗಿ ಮುಖ ನೋಡಲೂ ಆಗಲಿಲ್ಲವೆಂಬ ಸಂಕಟ ಇನ್ನೂ ಇದೆ.

ಅವತ್ತು ಸೀಟಿಗೆ ಕವರ್ ಹಾಕಿಸಿಕೊಂಡು ಮನೆಗೆ ಬಂದವನು ಅಮ್ಮನಿಗೆ, ಓನರ್ ಅಂಕಲ್ ನೆನಪಾದರು ಅಂದೆ. ಸೊಪ್ಪು ಬಿಡಿಸುತ್ತಾ ಕೂತಿದ್ದ ಅವಳ ಕೈ ನಿಂತಿತು.

"ಮೆಟ್ಲು ಎತ್ತರ ಆಯ್ತು ಅಂತ ಒಂದ್ ತಪ್ಪಾದ್ರೂ ಹೇಳ್ಬೇಕಿತ್ತು ಕಣೋ" ಅಂದಳು. "ಮಿಕ್ಕಿದ್ದು ಚೆನ್ನಾಗಿದೆ ಅಂದಿದ್ರೆ ನಂಬ್ತಿದ್ರು."