ಒಂದು ದಿನದ ಬಾಣಂತನ

ಇನ್ನೊಬ್ಬಳ ಕೈ ಎಷ್ಟು ಮೇಲಕ್ಕೆ ಹೋಗುತ್ತದೆ ಎಂದು ನೋಡಿ ಹೊಟ್ಟೆ ಉರಿದುಕೊಂಡವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಮುಚ್ಚಿಟ್ಟು ಏನಾಗಬೇಕು. ಉರಿದದ್ದು ನಿಜ.

ನನಗಾಗ ನಲವತ್ತೊಂದು. ಎಡ ಸ್ತನದಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರೇ ಎಂದಾಗಿ, ಮೈಸೂರಿನ ಆಸ್ಪತ್ರೆಯಲ್ಲಿ ಸ್ತನವನ್ನೂ ಕಂಕುಳಿನ ಗಂಟುಗಳನ್ನೂ ತೆಗೆದರು. ಪಕ್ಕದ ಮಂಚದಲ್ಲಿ ಚಾಮರಾಜನಗರದವಳು, ಮನೆಯಲ್ಲೇ ಮಷೀನಿಟ್ಟುಕೊಂಡು ರವಿಕೆ ಹೊಲಿಯುವ ಹೆಂಗಸು. ಅವಳ ಮನೆಮಾತು ಉರ್ದು, ನನ್ನ ಜೊತೆ ನಮ್ಮ ಕಡೆಯದೇ ಕನ್ನಡ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಅವಳಿಗೂ ಎಡಗಡೆಯೇ, ನನ್ನ ಮರುದಿನ ಆಪರೇಷನ್. ಮನೆಗೆ ಕಳಿಸುವ ಮುಂಚೆ ನರ್ಸಮ್ಮ ಇಬ್ಬರನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆರಳುಗಳನ್ನು ಮೆಲ್ಲಗೆ ಗೋಡೆ ಹತ್ತಿಸುವುದು ಹೇಗೆಂದು ತೋರಿಸಿದರು. "ದಿನಾ ಮೂರು ಸಲ ಮಾಡಿ. ಇಲ್ಲಾಂದ್ರೆ ಭುಜ ಹಿಡ್ಕೊಂಡ್ಬಿಡುತ್ತೆ" ಎಂದರು. ನನ್ನ ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಕೇಳಿಸಿಕೊಂಡಳು ಅಷ್ಟೇ.

ಗುಂಡ್ಲುಪೇಟೆಯಲ್ಲಿ ಗಂಡ, ಮನೆ, ಗೊಬ್ಬರದಂಗಡಿ ಎಲ್ಲ ಇದ್ದರೂ ಅವ್ವ ನನ್ನನ್ನು ನೇರ ತೆರಕಣಾಂಬಿಗೆ, ತವರಿಗೆ, ಕರೆತಂದಳು. ಮೈ ಕುಯ್ಯಿಸಿಕೊಂಡ ಹೆಣ್ಣಿಗೆ ಅವಳು ಬಲ್ಲ ಆರೈಕೆ ಒಂದೇ, ಬಾಣಂತನ. ನನ್ನ ಎರಡು ಹೆರಿಗೆಗೂ ಮಲಗಿಸಿದ್ದ ಅದೇ ಕೋಣೆ, ಕಿಟಕಿಗೆ ಅದೇ ಹಳೇ ಕಂಬಳಿ. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಬೆಳ್ಳುಳ್ಳಿ, ಮೆಣಸಿನ ಸಾರು, ಬಿಸಿ ಅನ್ನ, ತುಪ್ಪ. ಎಡಗೈ ಅಲ್ಲಾಡಬಾರದೆಂದು ಹಳೇ ಸೀರೆಯಿಂದ ಮೈಗೆ ಸುತ್ತಿ ಕಟ್ಟಿದಳು. ನಾನು ಗೋಡೆಯ ಕಡೆ ಎದ್ದರೆ ಗದರುತ್ತಿದ್ದಳು.

"ಸುಮ್ಕೆ ಮನಿಕಮ್ಮಿ. ಹಸಿ ಗಾಯ. ಕೈ ಎತ್ತುದ್ರೆ ಹೊಲ್ಗೆ ಬುಟ್ಕಳದಿಲ್ವಾ? ಆ ನರ್ಸಮ್ಮಂಗೇನು, ಯೋಳ್ಬುಟ್ಟು ಹೋದ್ಲು."

ನನಗೂ ಅದು ಹಿತವಾಗಿತ್ತು. ನಲವತ್ತು ದಾಟಿದ ಮೇಲೆ ಅವ್ವನ ಕೈಯಲ್ಲಿ ಉಣ್ಣುವುದು ಯಾರಿಗೆ ಬೇಡ? ಮೈಸೂರಿಗೆ ಹೋಗಿ ಕೀಮೋ ಹಾಕಿಸಿಕೊಳ್ಳುವುದು, ಬಂದು ಮಲಗುವುದು. ಕೂದಲು ಉದುರಿತು, ತಲೆಯ ಬಟ್ಟೆ ಹಾಗೇ ಉಳಿಯಿತು. ಕೈಗೆ ವ್ಯಾಯಾಮ ಮಾಡುತ್ತಿದ್ದೀರಾ ಎಂದು ಆಸ್ಪತ್ರೆಯಲ್ಲಿ ಕೇಳಿದಾಗೆಲ್ಲ ಹೂಂ ಎಂದೆ. ಹೀಗೇ ಐದು ತಿಂಗಳು ಕಳೆಯಿತು.

ಆಮೇಲೆ ರೇಡಿಯೇಷನ್. ನಮ್ಮ ಕಡೆ ಅದಕ್ಕೆ ಕರೆಂಟ್ ಇಡುವುದು ಅನ್ನುತ್ತಾರೆ. ಮಷೀನಿನ ಕೆಳಗೆ ಮಲಗಿ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಇಟ್ಟುಕೊಂಡಿರಬೇಕು. ನನ್ನ ಕೈ ಭುಜದ ಮಟ್ಟಕ್ಕೂ ಬರಲಿಲ್ಲ. ಇನ್ನೂ ಎತ್ತಿ ಎಂದರೆ ಜೀವ ಬಾಯಿಗೆ ಬಂತು. "ಕೈ ಮೇಲೆ ಹೋಗದೆ ಕರೆಂಟ್ ಇಡಕ್ಕಾಗಲ್ಲಮ್ಮ. ತಡ ಆದಷ್ಟೂ ಕಾಯಿಲೆ ತಿರುಗಿ ಬರೋ ಭಯ. ಮೂರು ವಾರ ಕೊಡ್ತೀನಿ" ಎಂದರು ಡಾಕ್ಟರು. ನನ್ನ ಹಿಂದೆಯೇ ಆ ಚಾಮರಾಜನಗರದವಳು ಒಳಗೆ ಬಂದಳು. ಅಟ್ಟದ ಮೇಲಿನ ಡಬ್ಬ ತೆಗೆಯುವ ಹಾಗೆ ಸಲೀಸಾಗಿ ಕೈ ಎತ್ತಿದಳು. ಮರುದಿನದಿಂದಲೇ ಅವಳಿಗೆ ಶುರು.

ತುಪ್ಪ ಉಂಡವಳು ನಾನು, ಕೈ ಎತ್ತಿದವಳು ಅವಳು. ಅವಳಿಗೆ ಕುಯ್ದದ್ದೇ ಕಮ್ಮಿ ಇರಬೇಕು, ಯಾವುದೋ ಎಣ್ಣೆ ಗಿಣ್ಣೆ ಗುಟ್ಟಾಗಿ ಹಚ್ಚಿಕೊಂಡಿರಬೇಕು ಎಂದು ಬಸ್ಸಿನುದ್ದಕ್ಕೂ ಕುದಿದೆ. ಮನೆಗೆ ಬಂದವಳೇ ಅವ್ವನ ಮೇಲೆ ಹರಿಹಾಯ್ದೆ. "ನೀನೇ ಕಟ್ಟಾಕಿ ನನ್ ಕೈ ಕೊಂದ್ಬುಟ್ಟೆ." ಅವ್ವ ಕಿಟಕಿಯ ಕಂಬಳಿ ತೆಗೆದಳು.

ಭಾನುವಾರ ಕರೆಂಟ್ ಇಡುವುದಿಲ್ಲ, ಅವಳು ಮನೆಯಲ್ಲೇ ಇರುತ್ತಾಳೆ ಎಂದು ಲೆಕ್ಕ ಹಾಕಿ ಚಾಮರಾಜನಗರಕ್ಕೆ ಹೋದೆ. ರವಿಕೆ ಹೊಲಿಸುವುದು ನೆವ, ಗುಟ್ಟು ತಿಳಿಯುವುದು ಉದ್ದೇಶ. ಗುಟ್ಟು ಗೋಡೆಯ ಮೇಲೇ ಇತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಎಳೆದ ಗೀಟುಗಳು, ಎದೆಮಟ್ಟದಿಂದ ತಲೆಯ ಮೇಲಿನವರೆಗೆ. ಅವಳ ಮೊದಲ ಗೀಟಿಗೆ ಕೈಯಿಟ್ಟು ನೋಡಿದೆ. ಅದು ನನ್ನ ಕೈ ಈಗ ಮುಟ್ಟುವುದಕ್ಕಿಂತ ಕೆಳಗಿತ್ತು.

"ಯಾರವ್ರೆ ನನ್ ನೋಡ್ಕಳಾಕೆ ಅಕ್ಕ? ಇಪ್ಪತ್ತನೇ ದಿನಕ್ಕೇ ಮಷೀನ್ ತುಳಿಬೇಕಾಯ್ತು. ನೋವಾದ್ರೆ ಅಳ್ತಾ ಗೋಡೆ ಹತ್ತುಸ್ತಿದ್ದೆ, ಇನ್ನೇನು" ಎಂದಳು. ನನ್ನನ್ನು ಗೋಡೆಗೆ ನಿಲ್ಲಿಸಿ, ಬೆನ್ನಿಗೆ ಕೈಯಿಟ್ಟು, "ಉಸ್ರು ಬುಟ್ಟು ಎತ್ತಿ. ಇವತ್ತು ಒಂದ್ ಬೆರಳು. ಸಾಕು. ನಾಳೆ ಇನ್ನೊಂದು" ಎಂದು ಹೇಳಿಕೊಟ್ಟಳು. ಹೊರಡುವಾಗ ಒಂದು ಬಿಲ್ಲೆ ಸೀಮೆಸುಣ್ಣವನ್ನೂ ಕೊಟ್ಟಳು.

ಅದಕ್ಕೂ ಮೊದಲು, ಅವ್ವ ನನಗೆಂದು ಕಟ್ಟಿದ್ದ ಕ್ಯಾರಿಯರ್ ಬಿಚ್ಚಿ ಇಬ್ಬರೂ ಉಂಡಿದ್ದೆವು. ಸಾರು ಸುರಿದುಕೊಂಡವಳು ಎರಡು ತುತ್ತು ಉಂಡು ಮತ್ತೆ ಸಾರಿಗೇ ಕೈ ಹಾಕಿದಳು.

"ನಮ್ಮಮ್ಮಿ ನಾನು ಚಿಕ್ಕೋಳಿದ್ದಾಗ್ಲೇ ತೀರ್ಕೊಂಡ್ರು. ಮೂರು ಹೆರಿಗೆಲೂ ನಂಗೆ ಯಾರೂ ಹಿಂಗೆ ಮಾಡಿಕ್ಲಿಲ್ಲ. ಅಕ್ಕ, ಎಲ್ಲಾ ಮುಗುದ್ಮೇಲೆ ಒಂದಿನ ನಿಮ್ಮವ್ವನ ಹತ್ರ ನನ್ನ ಮನಗುಸ್ತೀರಾ? ಒಂದೇ ದಿನ. ಕಿವಿಗೆ ಹತ್ತಿ ಇಟ್ಕಂಡು."

ಆಯಿತು ಎಂದೆ.

ಅವಳು ಹೇಳಿಕೊಟ್ಟಂತೆಯೇ ಮಾಡಿದೆ. ಬಾಣಂತಿ ಕೋಣೆಯ ಗೋಡೆಯ ಮೇಲೆ ಅವ್ವನೇ ದಿನವೂ ಗೀಟು ಎಳೆದಳು. ಮೂರನೇ ವಾರ ಕೈ ತಲೆ ದಾಟಿತು, ನನಗೂ ಕರೆಂಟ್ ಇಟ್ಟರು, ಮುಗಿಯಿತು. ಅವಳ ಆಸೆಯನ್ನು ಅವ್ವನಿಗೆ ಹೇಳಿದೆ. ನಮ್ಮದು ಲಿಂಗ ಕಟ್ಟಿದ ಮನೆ, ಅವ್ವ ಹಿಂದೆಮುಂದೆ ನೋಡುತ್ತಾಳೆ, ಅಲ್ಲಿಗೆ ಮಾತು ನಿಲ್ಲುತ್ತದೆ ಎಂದುಕೊಂಡಿದ್ದೆ.

"ಕರ್ಕಂಡ್ ಬಾರಮ್ಮಿ. ತಾಯಿಲ್ಲದ ಹೆಣ್ಮಗ. ಕೋಣೆ ಖಾಲಿನೇ ಅದಲ್ಲ" ಎಂದಳು ಅವ್ವ.

ಕರೆದುಕೊಂಡು ಬರಲಿಲ್ಲ. ಅವಳ ಕೈ ನನಗಿಂತ ಮೊದಲು ಮೇಲೆ ಹೋಯಿತು, ಕರೆಂಟ್ ಮೊದಲು ಮುಗಿಯಿತು, ಕೂದಲೂ ಮೊದಲು ಬಂತು. ಅವಳ ಹತ್ತಿರ ಇಲ್ಲದೆ ನನ್ನ ಹತ್ತಿರ ಇದ್ದದ್ದು ಅವ್ವ ಒಬ್ಬಳೇ. ಆ ಮಂಚದ ಮೇಲೆ ಅವಳು ಮಲಗಿ, ಅವ್ವ ಅವಳ ತಲೆಗೆ ಬಟ್ಟೆ ಕಟ್ಟುವುದನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು. ಚೆಕಪ್ಪಿನಲ್ಲಿ ಸಿಕ್ಕಾಗ ಅವಳು ಮತ್ತೆ ಕೇಳಲಿಲ್ಲ. "ನಿಮ್ಮವ್ವ ಚೆನ್ನಾಗವ್ರಾ?" ಎಂದಷ್ಟೇ ವಿಚಾರಿಸುತ್ತಿದ್ದಳು.

ಅವ್ವ ಮಾತ್ರ ಬಿಡಲಿಲ್ಲ. ವರ್ಷ ಕಳೆದ ಮೇಲೊಂದು ದಿನ ತವರಿನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಜಗಲಿಯಲ್ಲಿ ಕೂತಿದ್ದವಳು ಕೇಳಿದಳು. "ಆ ಹೊಲ್ಗೆ ಮಗ ಬರ್ನೇ ಇಲ್ವಲ್ಲಮ್ಮಿ. ಮೆಣಸು ಹುರ್ದು ಮಡಗಿದ್ದೆ."

"ಕರುದೆ ಕಣವ್ವ. ಅವ್ಳಿಗೇ ಪುರುಸೊತ್ತಿಲ್ವಂತೆ" ಎಂದೆ. ಎಡಗೈ ಎತ್ತಿ, ಹಗ್ಗದ ಮೇಲೆ ಇನ್ನೊಂದು ಸೀರೆ ಹರವಿದೆ.