ಬಿಚ್ಚಾಂವ ಇನ್ನೂ ಹುಟ್ಟಿಲ್ಲ

ಪರಶುರಾಮ ಕಾಕಾ ಕಣ್ಣು ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದರು. ಅದೂ ಕೈಗೆ ವೆಲ್ಡಿಂಗಿನವರ ದಪ್ಪ ಚರ್ಮದ ಗ್ಲೌಸು ಹಾಕಿಕೊಂಡು. ಮೊದಲ ದಿನ ನೋಡಿದಾಗ, ಈ ಫಿಟ್ಟರ್ ನಿಂತಲ್ಲೇ ನಿದ್ದೆ ಹೊಡೆಯುತ್ತಿದ್ದಾರೆಂದು ಕೆಮ್ಮಿ ಎಬ್ಬಿಸಲು ನೋಡಿದೆ.

"ಎಚ್ಚರ ಅದೀನ್ರಿ ಮೇಡಂ," ಅಂದರು ಕಣ್ಣು ತೆರೆಯದೆ. "ನಿಮ್ಮ ಮಷೀನದಾಗ ಮನಷ್ಯಾ ಹೋಗಂಗಿಲ್ಲ ಅಂದ್ರಲ್ಲ. ಮತ್ತ ನನ್ನ ಕಣ್ಣ ಹೆಂಗ ಹೋಗತಾವ?"

ನಮ್ಮದು ರಾಮತೀರ್ಥ ನಗರದಲ್ಲೊಂದು ಸಣ್ಣ ವಿನ್ಯಾಸ ಕಚೇರಿ, ಹಿಂದೊಂದು ಶೆಡ್ಡು. ಸೂರ್ಯನೊಳಗೆ ನಡೆಯುವ ಪರಮಾಣು ಸಮ್ಮಿಲನವನ್ನು ಭೂಮಿಯ ಮೇಲೆ ನಡೆಸಿ ಕರೆಂಟು ತೆಗೆಯುವ ಸ್ಥಾವರದ ವಿನ್ಯಾಸದಲ್ಲಿ ಒಂದು ಚೂರು ಕೆಲಸ ನಮ್ಮ ಪಾಲಿಗೆ ಬಂದಿತ್ತು. ಒಳಗೋಡೆಯ ಬ್ಲಾಕುಗಳು ಬೆಂಕಿ ತಿಂದು ತಿಂದು ಸವೆಯುತ್ತವೆ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ವಿಕಿರಣದಿಂದಾಗಿ ಯಾರೂ ಒಳಗೆ ಕಾಲಿಡುವಂತಿಲ್ಲ. ಎಲ್ಲವನ್ನೂ ಯಂತ್ರದ ಮೊದ್ದು ತೋಳೇ ತಡಕಿ ಮಾಡಬೇಕು. ಆ ಬ್ಲಾಕಿನ ನಕ್ಷೆ ಬರೆಯುವುದು ನನ್ನ ಕೆಲಸ, ಉಕ್ಕಿನಲ್ಲಿ ಮಾದರಿ ಮಾಡುವುದು ಕಾಕಾನದು. ನನ್ನ ಮೊದಲ ಸ್ವತಂತ್ರ ಕೆಲಸ ಅದು. ಒಪ್ಪಿಗೆಯಾಗದಿದ್ದರೆ ಮತ್ತೆ ಪಂಪಿನ ಮುಚ್ಚಳ ಬರೆಯುತ್ತ ಕೂರಬೇಕಿತ್ತು.

ಕಾಕಾ ದಿನಾ ಖಾನಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬೋಲ್ಟಿನ ಸುತ್ತು ಎಣಿಸುವುದು ಮರಾಠಿಯಲ್ಲಿ, ಅದು ಜಾಮಾದರೆ ಬೈಯುವುದು ಕನ್ನಡದಲ್ಲಿ.

ನನ್ನ ಮೊದಲ ಬ್ಲಾಕು ಮಾದರಿ ಗೋಡೆಯಲ್ಲಿ ಕೂದಲು ತೂರದಷ್ಟು ಬಿಗಿಯಾಗಿ ಕೂತಿತು. ಕಚೇರಿಯ ಸಾಹೇಬರು ಬೆನ್ನು ತಟ್ಟಿದರು. ನಾನಂತೂ ನೆಲದ ಮೇಲೆ ಇರಲಿಲ್ಲ.

"ಚಂದ ಕುಂತೈತ್ರಿ," ಅಂದರು ಕಾಕಾ. "ಈಗ ಕಾಸೂಣು."

ಗ್ಯಾಸಿನ ಉರಿಯಲ್ಲಿ ಕಾಸಿದರು, ತಣಿಸಿದರು, ಮತ್ತೆ ಕಾಸಿದರು. ಆಮೇಲೆ ತೆಗೆಯಲು ಹೋದರೆ ಬ್ಲಾಕು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಒಪ್ಪಿಸಲು ಉಳಿದದ್ದು ಒಂದೇ ವಾರ. ನನಗೆ ಸಿಟ್ಟು ನೆತ್ತಿಗೇರಿತು.

"ತಗಿಯೂದು ಆ ತೋಳು ಮಾಡಾವ್ರ ಕೆಲಸ ಕಾಕಾ, ನಂದಲ್ಲ!"

ಕಾಕಾ ಚಹಾ ಕೊಟ್ಟು ಎದುರಿಗೆ ಕೂತರು.

"ನಮ್ಮಪ್ಪ ಹಂಚಿನ ಭಟ್ಟಿ ಬಾಯಿ ಬರೇ ಮಣ್ಣೀಲೆ ಮುಚ್ಚತಿದ್ದಾ. ಸುಟ್ಟ ಮ್ಯಾಲ ಬಡದ್ರ ಉದರಬೇಕು, ಹಂಗ. ನಾ ಭಾಳ ಶ್ಯಾಣ್ಯಾ, ಒಮ್ಮೆ ಸಿಮೆಂಟ್ ಹಾಕಿ ಮುಚ್ಚಿದೆ. ಒಂದೂ ಸಂದಿ ಇರ್ಲಿಲ್ರಿ. ಒಡಿಯೂಮುಂದ ಒಳಗಿನ ಹಂಚೂ ಪುಡಿ ಆದವು. ನಮ್ಮಪ್ಪ ಬೈಲಿಲ್ಲ. ಚೂರೆಲ್ಲಾ ನನ್ನ ಕಡಿಂದ ಆರಿಸಿದಾ."

ಅಷ್ಟೇ ಹೇಳಿ ಲೋಟ ತೊಳೆಯಲು ಎದ್ದುಹೋದರು. ನಾನು ಸಾಹೇಬರ ಮುಂದೆ ಹಲ್ಲು ಗಿಂಜಿ ಒಂದು ತಿಂಗಳು ಹೆಚ್ಚಿಗೆ ಕೇಳಿ, ಬೈಸಿಕೊಂಡು, ಮೊದಲಿನಿಂದ ಬರೆಯಲು ಕೂತೆ. ಬಿಸಿಗೆ ಹಿಗ್ಗಲು ಸಂದಿ ಬಿಟ್ಟೆ, ಬದಿಗಳನ್ನು ಓರೆ ಮಾಡಿದೆ, ತಡಕಿದರೆ ಸಿಗುವಂಥ ಒಂದೇ ದೊಡ್ಡ ಬೋಲ್ಟು ಇಟ್ಟೆ.

ಮೂರನೆಯ ವಾರ ಕಾಕಾ ಬರಲಿಲ್ಲ. ಬಲಗೈಗೆ ಲಕ್ವಾ ಹೊಡೆದಿತ್ತು. ಹೊಸ ಬ್ಲಾಕಿನ ಪುಟ್ಟ ಪ್ಲಾಸ್ಟಿಕ್ ಮಾದರಿ ಚೀಲದಲ್ಲಿಟ್ಟುಕೊಂಡು ಖಾನಾಪುರಕ್ಕೆ ಹೋದೆ. ಕಾಕಾ ಹಾಸಿಗೆಯಲ್ಲೇ ಎದ್ದು ಕೂತು ಕಣ್ಣು ಮುಚ್ಚಿದರು. ಎಡಗೈಯಿಂದ ತಡಕಿ, "ಏಕ, ದೋನ, ತೀನ" ಅನ್ನುತ್ತ ಬೋಲ್ಟು ತಿರುಗಿಸಿದರು. ಬ್ಲಾಕು ಸಲೀಸಾಗಿ ಅಂಗೈಗೆ ಬಂತು.

"ಇದು ಯಾವಾಗ ಚಾಲೂ ಆಗತೈತಿ ತಂಗಿ?" ಅಂದರು. ಅಲ್ಲಿಯವರೆಗೆ ನಾನು ಅವರಿಗೆ ಮೇಡಂ ಆಗಿದ್ದೆ.

"ನಾ ಮುದುಕಿ ಆದ ಮ್ಯಾಲ ಆದೀತು ಕಾಕಾ."

"ಹಂಗಾರ ಇದನ್ನ ಬಿಚ್ಚಾಂವ ಇನ್ನೂ ಹುಟ್ಟಿಲ್ಲ." ಬ್ಲಾಕನ್ನು ನನ್ನ ಕೈಗಿಟ್ಟರು. "ಅಂವ ನಮಗ ಬೈಬಾರದವ್ವಾ. ಇನ್ನ ನಕ್ಷಾ ಕಳಿಸು."

ವಿನ್ಯಾಸ ಒಪ್ಪಿಗೆಯಾದ ದಿನ ಕುಣಿಯುತ್ತ ಫೋನು ಮಾಡಿದೆ. ಎತ್ತಿದ್ದು ಕಾಕಾನ ಹೆಂಡತಿ, ಕಾಕೂ. ಕಾಕಾ ಹೋಗಿ ನಾಲ್ಕು ದಿನವಾಗಿತ್ತು. ಶೆಡ್ಡಿಗೆ ಹೋಗಿ ಮನಸಾರೆ ಅತ್ತೆ.

ಅವರ ಗ್ಲೌಸು ಅಲ್ಲೇ ಮೊಳೆಗೆ ತೂಗುತ್ತಿದೆ. ನನಗದು ದೊಡ್ಡದು. ಆದರೂ ಯಾವ ನಕ್ಷೆ ಕಳಿಸುವ ಮೊದಲೂ ಅದನ್ನು ಹಾಕಿಕೊಂಡು, ಮಾದರಿಯ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತೇನೆ. ಹೊಸಬರು ಯಾರಾದರೂ ಹಿಂದಿನಿಂದ ಕೆಮ್ಮಿದರೆ, "ಎಚ್ಚರ ಅದೀನ್ರಿ," ಅನ್ನುತ್ತೇನೆ.